ಕುಯ್ದ ಮೂಗು ಬಂದ ಕತೆ

ಡಿಸೆಂಬರ್ ಕೊನೆಯ ವಾರ, ಸಂಜೆ ಏಳರ ಹೊತ್ತಿಗೆ ಕರೆಂಟ್ ಹೋಯಿತು. ಹುಣಸಮಾರನಹಳ್ಳಿಯಲ್ಲಿ ಕರೆಂಟ್ ಹೋದರೆ ಟಿವಿ ಸುಮ್ಮನಾಗುತ್ತದೆ, ಬಳ್ಳಾರಿ ರಸ್ತೆಯ ಸದ್ದು ನೇರ ನಡುಮನೆಗೆ ಬಂದು ಕೂರುತ್ತದೆ. ಅವ್ವ ಮೇಣದಬತ್ತಿ ಹಚ್ಚಿಟ್ಟು, ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತಕತೊಡಗಿದಳು. ಹೆಬ್ಬೆರಳು ತೋರುಬೆರಳ ನಡುವೆ ಕಾಳು, ಒಂದು ಒತ್ತು, ಪಿಚಕ್ ಅಂತ ಬೇಳೆ ತಟ್ಟೆಗೆ, ಸಿಪ್ಪೆ ಕೈಯಲ್ಲಿ. ರಜೆಗೆ ಬಂದಿದ್ದ ಅಕ್ಕನ ಮಗಳು ಪುಟ್ಟಿಗೆ ಅರ್ಧ ಗಂಟೆಯಲ್ಲಿ ಆ ಕೆಲಸ ಬೇಜಾರಾಯಿತು. ಪ್ರಶ್ನೆ ಆಟ ಶುರು ಮಾಡಿದಳು. ಅವಳು ಕೇಳಬೇಕು, ನಾನು ಹೇಳಬೇಕು. ‘ಗೊತ್ತಿಲ್ಲ’ ಅಂದವರು ಹತ್ತು ಕಾಳು ಹೆಚ್ಚಿಗೆ ಹಿತಕಬೇಕು.

‘ಮಾವ, ವಿಮಾನಕ್ಕೆ ಹಾರ್ನ್ ಇರುತ್ತಾ?’

‘ಇರುತ್ತೆ. ಆಕಾಶದಲ್ಲಿ ಹೊಡೆಯೋಕಲ್ಲ, ನೆಲದ ಮೇಲೆ ನಿಂತಾಗ ಕೆಳಗಿರೋ ಮೆಕ್ಯಾನಿಕ್‌ನ ಕರೆಯೋಕೆ.’

‘ಏರ್ ಶೋನಲ್ಲಿ ತಲೆಕೆಳಗಾಗಿ ಹಾರ್ತಾರಲ್ಲ, ಅವಾಗ ಸೀನು ಬಂದ್ರೆ?’

‘ಮಾಸ್ಕ್ ಒಳಗೇ ಸೀನ್‌ಬೇಕು. ಬೇರೆ ದಾರಿ ಇಲ್ಲ.’

ಯಲಹಂಕ ವಾಯುನೆಲೆಯ ಪಕ್ಕದಲ್ಲಿ ಬೆಳೆದವನಿಗೆ ಇವೆಲ್ಲ ಬಾಯಿಪಾಠ. ಆಮೇಲೆ ಕೇಳುವ ಸರದಿ ನನ್ನದಾಯಿತು, ಅವಳು ಸೋತಳು. ಸೋತ ಸಿಟ್ಟಿಗೆ ಮಧ್ಯಾಹ್ನವೆಲ್ಲ ಕೂತು ಬರೆದಿದ್ದ ವಿಮಾನದ ಚಿತ್ರವನ್ನೇ ಪರ‍್ರನೆ ಹರಿದಳು. ಎರಡು ನಿಮಿಷ ಬಿಟ್ಟು ಅದೇ ಚೂರುಗಳನ್ನು ಜೋಡಿಸುತ್ತ ಕೂತಳು. ಅವ್ವ ತಲೆ ಎತ್ತದೆ ಅಂದಳು: ‘ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬಂದಾತಾ?’

ಪುಟ್ಟಿ ಅಳು ನಿಲ್ಲಿಸಿ ಕೇಳಿದಳು: ‘ಯಾಕಜ್ಜಿ ಬರಲ್ಲ?’

ಗಾದೆ ಹುಟ್ಟಿದಾಗಿನಿಂದ ಯಾರಾದರೂ ಅದಕ್ಕೆ ಹೀಗೆ ಎದುರು ಕೇಳಿದ್ದಾರೋ ಇಲ್ಲವೋ. ಅವ್ವನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ‘ಶೂರ್ಪನಖಿಗೆ ಬಂತೇನೇ?’ ಅಂದಳು. ‘ಅವಳಣ್ಣಂಗೆ ಹತ್ತು ತಲೆ ಇತ್ತಲ್ಲ, ಒಂದು ಮೂಗು ಕೊಡಬಹುದಿತ್ತು’ ಅಂದಳು ಪುಟ್ಟಿ. ನಗು ಮುಗಿದ ಮೇಲೆ ನಾನು ಬಾಯಿ ಹಾಕಿದೆ: ‘ಬಂದಿದೆ ಅವ್ವ. ಕುಯ್ದ ಮೂಗು ಬಂದಿದೆ. ಅದೂ ನಮ್ಮ ಮೈಸೂರು ಸೀಮೆಯ ಯುದ್ಧದಲ್ಲೇ ಹೋದ ಮೂಗು.’

ಅದು ಟಿಪ್ಪುವಿಗೂ ಇಂಗ್ಲಿಷರಿಗೂ ನಡೆದ ಮೂರನೆಯ ಮೈಸೂರು ಯುದ್ಧ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಕೈಸೇರಿತು. ಸುಮಾರು ವಾರದ ಮೇಲೆ ಅವನ ಸೈನ್ಯ ನಿಜಾಮನ ಕುದುರೆಪಡೆಯನ್ನು ಕೂಡಿಕೊಳ್ಳಲು ಉತ್ತರಕ್ಕೆ, ದೇವನಹಳ್ಳಿ ದಿಕ್ಕಿಗೆ ಹೊರಟಿತು. ಈಗ ನಮ್ಮ ಮನೆ ಮುಂದೆ ಏರ್‌ಪೋರ್ಟ್ ಟ್ಯಾಕ್ಸಿಗಳು ಓಡುವ ಸೀಮೆಯಲ್ಲಿ ಆಗ ಎತ್ತುಗಳ ಸಾಲು. ಸೈನ್ಯ ಅಂದರೆ ನಮಗೆ ಕತ್ತಿ, ಕುದುರೆ, ಫಿರಂಗಿ ನೆನಪಾಗುತ್ತವೆ. ಆ ಫಿರಂಗಿಯನ್ನು ಎಳೆಯುತ್ತಿದ್ದದ್ದು ಎತ್ತು, ಅಕ್ಕಿ ಹೊರುತ್ತಿದ್ದದ್ದು ಎತ್ತು, ಗುಂಡು ಹೊರುತ್ತಿದ್ದದ್ದೂ ಎತ್ತು. ಒಂದು ದಂಡಿನ ಹಿಂದೆ ಹತ್ತಾರು ಸಾವಿರ ಎತ್ತುಗಳು. ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿದ್ದ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಎಳೆಯಲು ಎತ್ತುಗಳು ಉಳಿದಿರಲಿಲ್ಲ.

ಹಾಗಾಗಿ ಎತ್ತು ಹೊಡೆಯುವವನ ಮೇಲೆ ಶತ್ರುವಿಗೆ ಸಿಪಾಯಿಯ ಮೇಲಿದ್ದಷ್ಟೇ ಸಿಟ್ಟು. ಅಂಥ ಒಬ್ಬ ಕವಾಸ್‌ಜಿ. ಹೆಸರು ಕೇಳಿದರೆ ಪಾರ್ಸಿಯವನು ಅನ್ನಿಸುತ್ತದೆ, ಆದರೆ ಅವನ ಬಗ್ಗೆ ಬರೆದ ಇಂಗ್ಲಿಷರು ಮರಾಠ ಒಕ್ಕಲಿಗ ಎನ್ನುತ್ತಾರೆ. ನಮ್ಮ ಹೆಸರುಗಳು ಅವರ ಕಿವಿಗೆ ಹೇಗೆ ಬಿದ್ದವೋ ಹಾಗೆ ಕಾಗದಕ್ಕೆ ಇಳಿದವು. ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಅವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಹತ್ತಿರ ಬೊಂಬಾಯಿ ಸೈನ್ಯವನ್ನು ಸೇರಿಕೊಂಡ.

‘ಟಿಪ್ಪು ಕೆಟ್ಟೋನಾ?’ ಪುಟ್ಟಿಯ ಪ್ರಶ್ನೆ. ಆಟದಲ್ಲಿ ನಾನು ಹತ್ತು ಕಾಳು ಹಿತಕಲು ಸಿದ್ಧನಾದದ್ದು ಅಲ್ಲೇ. ಇದನ್ನು ಬರೆದವರು ಅವನ ಶತ್ರುಗಳು ಅನ್ನುವುದು ಒಂದು ಮಾತು. ಮೂಗು ಕುಯ್ಯುವುದು ಆ ಕಾಲಕ್ಕೆ ಒಬ್ಬನ ಸ್ವತ್ತಾಗಿರಲಿಲ್ಲ ಅನ್ನುವುದು ಇನ್ನೊಂದು. ಅದಕ್ಕೂ ನೂರಮೂವತ್ತು ವರ್ಷ ಹಿಂದೆ ಕಂಠೀರವ ನರಸರಾಜರ ಕಾಲದಲ್ಲಿ ಮೈಸೂರಿನವರೂ ಮಧುರೆಯವರೂ ಒಬ್ಬರ ಮೂಗನ್ನೊಬ್ಬರು ಕುಯ್ದುಕೊಂಡ ಯುದ್ಧಕ್ಕೆ ತಮಿಳರು ಮೂಗಿನ ಹೆಸರನ್ನೇ ಇಟ್ಟಿದ್ದಾರೆ. ಕೊಂದರೆ ಒಂದು ದಿನದ ಸುದ್ದಿ. ಮೂಗು ಕುಯ್ದು ಊರಿಗೆ ಕಳಿಸಿದರೆ ಅವನು ಬದುಕಿರುವವರೆಗೂ ನಡೆದಾಡುವ ಡಂಗುರ. ‘ಮೂಗು ಕುಯ್ದು ಕೈಗೆ ಕೊಡ್ತೀನಿ’ ಅಂತ ಇವತ್ತಿಗೂ ಜಗಳದಲ್ಲಿ ಅನ್ನುತ್ತೇವಲ್ಲ, ಅದು ಬರೀ ಬಾಯಿಮಾತಾಗಿ ಹುಟ್ಟಿದ್ದಲ್ಲ.

ಕವಾಸ್‌ಜಿ ವರ್ಷಕ್ಕೂ ಮೀರಿ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನಿಗೆ ಹೊಸ ಮೂಗು ಕೂರಿಸಿದ. ವೈದ್ಯನಲ್ಲ, ಪಂಡಿತನಲ್ಲ, ಇಟ್ಟಿಗೆಯವನು.

‘ಹೆಂಗೆ ಕೂರಿಸಿದ?’ ಈ ಸಲ ಕೇಳಿದ್ದು ಅವ್ವ.

ಬಾಯಲ್ಲಿ ಹೇಳಿದರೆ ಆಗುವ ಕೆಲಸವಲ್ಲ. ಅವ್ವನ ಎಲೆಅಡಿಕೆ ತಟ್ಟೆ ಎಳೆದುಕೊಂಡೆ. ಒಂದು ವೀಳ್ಯದೆಲೆ ತೆಗೆದು, ಅಡಕತ್ತರಿಯಿಂದ ತುದಿ ಅಗಲ, ಬುಡ ಕಿರಿದು ಬರುವ ಹಾಗೆ ಕತ್ತರಿಸಿದೆ. ತೊಟ್ಟು ಹಾಗೇ ಉಳಿಸಿದೆ. ಮೇಣದಬತ್ತಿಯ ಕೆಳಗೆ ಸೋರಿದ್ದ ಮೇಣವನ್ನು ಬೆಚ್ಚಗಿರುವಾಗಲೇ ತೆಗೆದು ತೆಳ್ಳಗೆ ತಟ್ಟಿ ಪುಟ್ಟಿಯ ಮೂಗಿಗೆ ಒತ್ತಿದೆ. ಆ ಇಟ್ಟಿಗೆಯವನೂ ಮೊದಲು ಮಾಡಿದ್ದು ಇದನ್ನೇ. ಮೊಂಡು ಮೂಗಿನ ಮೇಲೆ ಮೇಣದ ಹಾಳೆಯಿಂದ ಒಂದು ಚೆಂದದ ಮೂಗು ಮಾಡುತ್ತಾನೆ. ಆಮೇಲೆ ಆ ಮೇಣದ ಮೂಗನ್ನು ಬಿಡಿಸಿ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾನೆ. ದರ್ಜಿ ಅಳತೆ ರವಿಕೆ ಇಟ್ಟು ಬಟ್ಟೆಗೆ ಗುರುತು ಹಾಕುವ ಹಾಗೆ. ಮಣ್ಣನ್ನು ಅಚ್ಚಿಗೆ ಹಾಕಿ ಗೊತ್ತಿದ್ದ ಕೈಗೆ, ಉಬ್ಬಿದ ಆಕಾರವನ್ನು ಹರಡಿದರೆ ಎಷ್ಟು ಅಗಲ ಬೇಕಾಗುತ್ತದೆ ಅನ್ನುವ ಲೆಕ್ಕ ಬೆರಳಲ್ಲೇ ಇದ್ದಿರಬೇಕು.

ಗೆರೆಯ ಉದ್ದಕ್ಕೂ ಹಣೆಯ ಚರ್ಮವನ್ನು ಬಿಡಿಸುತ್ತಾನೆ. ಎರಡು ಹುಬ್ಬಿನ ನಡುವೆ ಮಾತ್ರ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಬಿಡುತ್ತಾನೆ. ಎಲೆಯನ್ನು ಪುಟ್ಟಿಯ ಹಣೆಗೆ ತಲೆಕೆಳಗಾಗಿ ಇಟ್ಟು, ತೊಟ್ಟನ್ನು ಹುಬ್ಬಿನ ನಡುವೆ ಬೆರಳಿನಿಂದ ಒತ್ತಿಹಿಡಿದೆ.

‘ತೊಟ್ಟು ಯಾಕೆ ಬಿಡಬೇಕು ಹೇಳು?’

‘ತೊಟ್ಟು ಕಿತ್ರೆ ಎಲೆ ಬಾಡೋಗುತ್ತೆ.’

ಅಷ್ಟೇ ವಿಷಯ. ಆ ತೊಟ್ಟಿನೊಳಗೆ ರಕ್ತ ಹರಿಯುತ್ತಿದ್ದರೆ ಎತ್ತಿದ ಚರ್ಮ ಸಾಯುವುದಿಲ್ಲ. ಆಪರೇಷನ್ನಿನ ಜೀವವೆಲ್ಲ ಆ ಒಂದು ಬೆರಳಗಲದ ಪಟ್ಟಿಯಲ್ಲಿದೆ. ಇನ್ನು ಎಲೆಯನ್ನು ಮೂಗಿನ ಮೇಲಕ್ಕೆ ತರಬೇಕು. ನಾನು ಸುಮ್ಮನೆ ಕೆಳಕ್ಕೆ ಮಡಚಿದೆ. ಪುಟ್ಟಿ ಅಜ್ಜಿಯ ಕನ್ನಡಿ ಹಿಡಿದು ನೋಡಿಕೊಂಡವಳೇ ‘ತಪ್ಪು!’ ಅಂದಳು. ‘ಎಲೆ ಹಿಂಭಾಗ ಮೇಲೆ ಬಂತಲ್ಲ ಮಾವ. ಚರ್ಮದ ಒಳಗಡೆ ಹೊರಗಡೆ ಬಂದ್ರೆ ಮೂಗು ಕೆಂಪಗೆ ಹಸಿ ಹಸಿ ಇರಲ್ವಾ?’ ಹಾಗಂದು ತಾನೇ ತೊಟ್ಟನ್ನು ಅರ್ಧ ಸುತ್ತು ತಿರುಚಿದಳು. ಎಲೆಯ ಮಿಂಚುವ ಮೈ ಹೊರಗೆ ಬಂದು ಮೂಗಿನ ಮೇಲೆ ಕೂತಿತು. ಪುಣೆಯ ಇಟ್ಟಿಗೆಯವನು ಮಾಡುತ್ತಿದ್ದದ್ದೂ ಸರಿಯಾಗಿ ಅದನ್ನೇ, ಅರ್ಧ ಸುತ್ತು. ನನಗದು ಮೊದಲ ಸಲ ಓದಿದಾಗ ಅರ್ಥವಾಗಿರಲಿಲ್ಲ. ಪೆನ್ನು ಕಾಗದ ಹಿಡಿದು ಕೂತಿದ್ದೆ.

ಮೊಂಡು ಮೂಗಿನ ಹಳೇ ಗಾಯದ ಅಂಚನ್ನು ಹಸಿಯಾಗುವಂತೆ ಕೆತ್ತಿ, ಅದರ ಹಿಂದೆ ಗೀರು ಹಾಕಿ, ಹೊಸ ಚರ್ಮದ ಅಂಚನ್ನು ಆ ಗೀರಿನೊಳಗೆ ಸೇರಿಸುತ್ತಾನೆ. ಅದರ ಮೇಲೆ ಪಟ್ಟಿ. ಯಾತರ ಪಟ್ಟಿ? ಇಂಗ್ಲಿಷರು ಬರೆದ ಹೆಸರು ‘ಜಪಾನಿನ ಮಣ್ಣು’ ಎಂಬರ್ಥದ ಲ್ಯಾಟಿನ್ ಪದ. ಜಪಾನೂ ಅಲ್ಲ, ಮಣ್ಣೂ ಅಲ್ಲ. ಅವ್ವನ ತಟ್ಟೆಯಲ್ಲೇ ಇತ್ತು: ಕಾಚು. ಕಗ್ಗಲಿ ಮರದ ಚೇಗನ್ನು ಕುದಿಸಿ ಬತ್ತಿಸಿದ ಸಾರ. ಬಾಯಿಗೆ ಹಾಕಿದರೆ ನಾಲಗೆ ಬಿಗಿಯುವ ಅದೇ ಒಗರು ಹಸಿ ಗಾಯವನ್ನೂ ಬಿಗಿಯುತ್ತದೆ. ನೀರಲ್ಲಿ ಮೆತ್ತಗೆ ಮಾಡಿ ಬಟ್ಟೆ ತುಂಡುಗಳಿಗೆ ಸವರಿ, ಐದಾರು ತುಂಡು ಒಂದರ ಮೇಲೊಂದು ಅಂಟಿಸುವುದು. ನಾಲ್ಕು ದಿನ ಬಿಟ್ಟು ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆ ಬಟ್ಟೆಯ ತುಣುಕು. ಸುಮಾರು ಇಪ್ಪತ್ತೈದನೆಯ ದಿನ, ಮೂಗಿಗೆ ತನ್ನದೇ ರಕ್ತದ ದಾರಿ ಆದ ಮೇಲೆ, ಹುಬ್ಬಿನ ನಡುವಿನ ತೊಟ್ಟನ್ನು ಕತ್ತರಿಸುವುದು.

‘ಅಲ್ಲೀವರ್ಗೂ ಮೂಗು ತುರಿಸಿದ್ರೆ?’

ಒಳ್ಳೆಯ ಪ್ರಶ್ನೆ. ತೊಟ್ಟು ಇರುವವರೆಗೆ ಆ ಚರ್ಮದ ನರ ಹಣೆಯದೇ. ಹೊಸ ಮೂಗು ಮುಟ್ಟಿದರೆ ಹಣೆ ಮುಟ್ಟಿದ ಹಾಗೆ ಅನ್ನಿಸುತ್ತದೆ. ಇದನ್ನು ಹೇಳಿದ ಮೇಲೆ ಪುಟ್ಟಿ ಹತ್ತು ನಿಮಿಷ ಹಣೆ ತುರಿಸಿಕೊಂಡು ‘ಮೂಗಿಗೆ ಸೊಳ್ಳೆ ಕಚ್ತು’ ಅನ್ನುತ್ತ ಕುಣಿದಳು.

ಈ ಕೆಲಸವನ್ನು ಬೊಂಬಾಯಿ ಪ್ರಾಂತ್ಯದ ಇಬ್ಬರು ಇಂಗ್ಲಿಷ್ ವೈದ್ಯರು, ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ, ಕಣ್ಣಾರೆ ಕಂಡಿದ್ದರು. ಆಗ ಪುಣೆಯಲ್ಲಿದ್ದ ಜೇಮ್ಸ್ ವೇಲ್ಸ್ ಎಂಬ ಸ್ಕಾಟಿಷ್ ಚಿತ್ರಕಾರ 1794ರ ಜನವರಿಯಲ್ಲಿ, ಆಪರೇಷನ್ನಾಗಿ ಹತ್ತು ತಿಂಗಳ ಮೇಲೆ, ಕವಾಸ್‌ಜಿಯ ಚಿತ್ರ ಬರೆದ. ಆ ಚಿತ್ರದ ಅಚ್ಚಿನ ಜೊತೆ ಇಡೀ ವಿಧಾನ ಅದೇ ವರ್ಷದ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಬಂತು. ಅದು ವೈದ್ಯರ ಪತ್ರಿಕೆಯೂ ಅಲ್ಲ, ಮನೆ ಮಂದಿ ಓದುವ ಮಾಸಿಕ. ಬರೆದವನು ‘ಬಿ.ಎಲ್.’ ಅಂತಷ್ಟೇ ಸಹಿ ಹಾಕಿದ. ಎತ್ತು ಹೊಡೆದವನ ಹೆಸರಿದೆ, ನೋಡಿದ ವೈದ್ಯರ ಹೆಸರಿದೆ. ಕತ್ತಿ ಹಿಡಿದವನ ಹೆಸರನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ. ನನಗೆ ಇಡೀ ಕತೆಯಲ್ಲಿ ಸಿಟ್ಟು ತರಿಸುವುದು ಅದೊಂದೇ.

ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ ಈ ವಿಷಯವನ್ನು ಬಿಡಲಿಲ್ಲ. ಭಾರತದಿಂದ ಮರಳಿದವರನ್ನು ಹುಡುಕಿ ವಿಚಾರಿಸಿದ, ಶವಗಳ ಮೇಲೆ ಅಭ್ಯಾಸ ಮಾಡಿದ. ಜೀವಂತ ಮನುಷ್ಯನ ಮೇಲೆ ಕೈ ಹಾಕಿದ್ದು ಪತ್ರಿಕೆ ಬಂದು ಇಪ್ಪತ್ತು ವರ್ಷದ ಮೇಲೆ, 1814ರ ಅಕ್ಟೋಬರ್ 23ರಂದು. ಪಿತ್ತಜನಕಾಂಗದ ಕಾಯಿಲೆಗೆ ಪಾದರಸದ ಔಷಧ ತಿಂದು ಮೂಗು ಕಳೆದುಕೊಂಡಿದ್ದ ಒಬ್ಬ ಸೈನ್ಯಾಧಿಕಾರಿ ಅವನ ಮೊದಲ ರೋಗಿ. ಕಾಲು ಗಂಟೆಯ ಕೆಲಸ. ಅರಿವಳಿಕೆ ಇಲ್ಲ. ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದ್ದು 1846ರಲ್ಲಿ, ಕಾರ್ಪ್ಯೂ ತೀರಿಕೊಂಡ ವರ್ಷ. ಮೂರನೆಯ ದಿನ ಪಟ್ಟಿ ಬಿಚ್ಚಿದಾಗ ಪಕ್ಕದಲ್ಲಿದ್ದ ರೋಗಿಯ ಗೆಳೆಯ, ಅಲ್ಲಿ ನಿಜವಾಗಿ ಮೂಗಿರುವುದನ್ನು ಕಂಡು ದೇವರನ್ನೇ ಕರೆದನಂತೆ. 1816ರಲ್ಲಿ ಕಾರ್ಪ್ಯೂ ಪುಸ್ತಕ ಬರೆದ, ಜರ್ಮನಿಯಲ್ಲಿ ಗ್ರೇಫೆ ಎಂಬ ಸರ್ಜನ್ 1818ರಲ್ಲಿ ಬರೆದ, ಯುರೋಪಿನ ಸರ್ಜನ್‌ಗಳು ಇದಕ್ಕೆ ‘ಇಂಡಿಯನ್ ವಿಧಾನ’ ಅಂತಲೇ ಹೆಸರಿಟ್ಟರು. ಅದಕ್ಕೂ ಮುಂಚೆ ಅಲ್ಲಿ ಇಟಲಿಯವರ ವಿಧಾನವೊಂದಿತ್ತು. 1597ರ ತಾಲ್ಯಕೋಟ್ಸಿಯ ಪುಸ್ತಕದಲ್ಲಿದೆ. ತೋಳಿನ ಚರ್ಮವನ್ನು ಮೂಗಿಗೆ ಸೇರಿಸಿ, ಅಂಟುವವರೆಗೂ ತೋಳನ್ನು ತಲೆಗೆ ಕಟ್ಟಿಕೊಂಡು ವಾರಗಟ್ಟಲೆ ಇರಬೇಕು. ಮಲಗುವುದು ಹೇಗೆ, ಉಣ್ಣುವುದು ಹೇಗೆ! ಅದು ಅಲ್ಲೇ ಮರೆತುಹೋಗಿತ್ತು.

ಇದೆಲ್ಲ ಸುಶ್ರುತನಿಂದ ಬಂದದ್ದು ಅಂತ ಮುಗಿಸಿಬಿಡುವುದು ಸುಲಭ. ನಾನೂ ಹಾಗೇ ಅಂದುಕೊಂಡಿದ್ದೆ. ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ವಿಧಾನ ಇರುವುದು ನಿಜ. ಗಿಡದ ಎಲೆಯಿಂದಲೇ ಮೂಗಿನ ಅಳತೆ ತೆಗೆಯುವುದು, ಹೊಳ್ಳೆಗೆ ಹರಳುಗಿಡದ ಟೊಳ್ಳು ಕೊಳವೆ ಇಡುವುದು, ಎಲ್ಲ ಇದೆ. ಆದರೆ ಅಲ್ಲಿ ಚರ್ಮ ತೆಗೆಯುವುದು ಕೆನ್ನೆಯಿಂದ. ಹಣೆ ಅಲ್ಲಿಲ್ಲ. ಕೆನ್ನೆಯಿಂದ ಹಣೆಗೆ ಹೋದವನು ಯಾರೋ ಗೊತ್ತಿಲ್ಲ, ಪುಸ್ತಕ ಮುಟ್ಟದ ಯಾವನೋ ಕೆಲಸಗಾರ ಇದ್ದರೂ ಇರಬಹುದು. ಇವತ್ತಿಗೂ ಕ್ಯಾನ್ಸರ್‌ನಿಂದ ಮೂಗಿನ ಚರ್ಮ ಹೋದವರಿಗೆ ಸರ್ಜನ್‌ಗಳು ಹಣೆಯಿಂದಲೇ ತರುತ್ತಾರೆ, ಸಾಮಾನ್ಯವಾಗಿ ಮೂರು ವಾರದ ಮೇಲೆ ತೊಟ್ಟು ಕತ್ತರಿಸುತ್ತಾರೆ. ನಮ್ಮೂರಿನ ಕೃಷ್ಣದೇವರಾಯ ಡೆಂಟಲ್ ಕಾಲೇಜಿಗೆ ಹಲ್ಲು ತೋರಿಸಲು ಹೋದಾಗೆಲ್ಲ, ಆ ಬಿಳಿ ಕೋಟಿನ ಹುಡುಗರು ಮುಖದ ಆಪರೇಷನ್ನನ್ನೂ ಓದುತ್ತಾರಲ್ಲ, ಅವರಲ್ಲಿ ಯಾರಿಗಾದರೂ ಆ ಇಟ್ಟಿಗೆಯವನ ನೆನಪಿದೆಯೇ ಅಂತ ಕೇಳಬೇಕೆನ್ನಿಸುತ್ತದೆ. ಬಾಯಿ ತೆರೆದು ಮಲಗಿರುವಾಗ ಕೇಳಲಾಗುವುದಿಲ್ಲ.

ಪುಟ್ಟಿ ಹಣೆಗೆ ಎಲೆ ಅಂಟಿಸಿಕೊಂಡೇ ಗೆದ್ದವಳ ಹಾಗೆ ಅಜ್ಜಿಯ ಕಡೆ ತಿರುಗಿದಳು. ‘ನೋಡಜ್ಜಿ, ಬಂತು! ನಿನ್ ಗಾದೆ ಸುಳ್ಳು.’

ಅವ್ವ ಎರಡು ಕಾಳು ಹಿತಕಿದಳು.

‘ಮೂಗು ಬಂತು, ಸರಿ. ಕೈ ಕತ್ತರ‍್ಸಿದ್ರು ಅಂದ್ಯಲ್ಲ ಮಗಾ, ಅದು?’

‘ಅದು ಬರಲಿಲ್ಲ ಅವ್ವ.’

‘ಮತ್ತೆ ಎತ್ತು ಹೆಂಗ್ ಹೊಡ್ದ?’

‘ಹೊಡೀಲಿಲ್ಲ. ಕಂಪನಿ ಸರ್ಕಾರ ಪಿಂಚಣಿ ಕೊಡ್ತಿತ್ತು.’

‘ಹೂಂ’ ಅಂದು ಅವ್ವ ಪಾತ್ರೆಯನ್ನು ನನ್ನ ಕಡೆ ಸರಿಸಿದಳು. ಟಿಪ್ಪು ಪ್ರಶ್ನೆಯ ಹತ್ತು ಕಾಳು ಇನ್ನೂ ಬಾಕಿ ಇತ್ತು.