ಜರ್ಮನ್ ಶೆಫರ್ಡ್ ಮರಿ ತಂದಿದ್ದೀರಾ? ಕೊಟ್ಟಿಗೆಯಲ್ಲೇ ಪಾಠ ಶುರು ಮಾಡಿ

ಕೆಲವು ತಿಂಗಳ ಹಿಂದೆ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೇ ಫೋನ್ ಬಂತು. "ಡಾಕ್ಟ್ರೇ, ಹಸು ಎರಡು ದಿನದಿಂದ ಸರಿಯಾಗಿ ಹಾಲು ಇಳಿಸ್ತಿಲ್ಲ, ಕೆಚ್ಚಲು ಬಾವು ಇರ್ಬೇಕು ನೋಡಿ." ಹೋಗಿ ನೋಡಿದರೆ ಕೆಚ್ಚಲು ಚೆನ್ನಾಗಿಯೇ ಇತ್ತು. ಹಿಂಗಾಲಲ್ಲಿ, ಗೊರಸಿನ ಸ್ವಲ್ಪ ಮೇಲೆ ಹಲ್ಲಿನ ಗುರುತಿತ್ತು. ಪಕ್ಕದಲ್ಲೇ ಎಂಟು ತಿಂಗಳ ಟೈಗರ್ ಬಾಲ ಆಡಿಸುತ್ತಾ ನಿಂತಿದ್ದ. ಪುಣ್ಯಕ್ಕೆ ಅವನಿಗೆ ರೇಬೀಸ್ ಲಸಿಕೆ ಆಗಿತ್ತು.

ಹಸು ಹೆದರಿದಾಗ ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ. ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ಮಾಡಲು ಅದು ಬಿಡುವುದಿಲ್ಲ. ಕೆಚ್ಚಲ ತುಂಬಾ ಹಾಲಿದ್ದರೂ ಪಾತ್ರೆಗೆ ಬರುವುದಿಲ್ಲ.

ಟೈಗರ್‌ನದು ದುಷ್ಟತನವಲ್ಲ, ಹುಟ್ಟುಗುಣ. 1899ರಲ್ಲಿ ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್ ಎಂಬ ಅಶ್ವದಳದ ಅಧಿಕಾರಿ ಕುರಿ ಕಾಯುವ ನಾಯಿಗಳಿಂದಲೇ ಈ ತಳಿಯನ್ನು ರೂಪಿಸಲು ಶುರು ಮಾಡಿದ್ದು. (ನಮ್ಮ ಹಿರಿಯರು ಅಲ್ಸೇಷಿಯನ್ ಅನ್ನುವುದೂ ಇದನ್ನೇ.) ಬೇಲಿ ಇಲ್ಲದ ಹೊಲಗಳ ಅಂಚಿನಲ್ಲಿ ದಿನವಿಡೀ ಓಡಾಡುತ್ತಾ, ಕುರಿ ಬೆಳೆಗೆ ನುಗ್ಗದಂತೆ ತಡೆಯುವುದು ಅದರ ಕೆಲಸವಾಗಿತ್ತು. ಹಾಗಾಗಿ ಕರು, ಮಗು, ಬೈಕು, ಯಾವುದು ಓಡಿದರೂ ಅಟ್ಟಿಕೊಂಡು ಹೋಗಬೇಕು ಅನ್ನಿಸುತ್ತದೆ. ಇಂಥ ನಾಯಿಯನ್ನು ಹಗಲೆಲ್ಲಾ ಗೇಟಿಗೆ ಸರಪಳಿ ಹಾಕಿ ಕಟ್ಟಿದರೆ ಕಾವಲು ಚೆನ್ನಾಗಿ ಕಾಯುತ್ತದೆ ಎಂದು ಹಲವರ ನಂಬಿಕೆ. ನಾನು ಒಪ್ಪುವುದಿಲ್ಲ. ಕಟ್ಟಿದ ನಾಯಿಗೆ ಬಂದವರ ಹತ್ತಿರ ಹೋಗಿ ಮೂಸಿ ನೋಡಲೂ ಆಗದು, ಹೆದರಿಕೆಯಾದರೆ ದೂರ ಸರಿಯಲೂ ಆಗದು. ಅದಕ್ಕೆ ಉಳಿಯುವುದು ಕಚ್ಚುವುದೊಂದೇ. ನಿಮ್ಮ ಮನೆಗೆ ದಿನಾ ಬರುವವರು ಪಕ್ಕದ ಮನೆಯ ಮಕ್ಕಳು, ಫೀಡ್ ಮೂಟೆ ಇಳಿಸುವವರು, ಕೃತಕ ಗರ್ಭಧಾರಣೆ ಮಾಡುವವರು, ನಾನು!

ಮರಿಗೆ ಎರಡು ತಿಂಗಳಾಗುವವರೆಗೆ ತಾಯಿಯಿಂದ ಬೇರೆ ಮಾಡಬೇಡಿ. ಅಲ್ಲಿಂದ ಮೂರೂವರೆ ತಿಂಗಳವರೆಗೆ ಅದು ಯಾರನ್ನು, ಏನನ್ನು ಹೆದರದೆ ನೋಡುತ್ತದೋ ಅವೆಲ್ಲಾ ಅದಕ್ಕೆ ನಮ್ಮವು ಅನ್ನಿಸುತ್ತವೆ. ಲಸಿಕೆ ಪೂರ್ತಿಯಾಗುವ ತನಕ ಬೀದಿಯಲ್ಲಿ ನಡೆಸಬೇಡಿ, ಎತ್ತಿಕೊಂಡು ಹೋಗಿ ತೋರಿಸಿ. ಆಮೇಲೆ ಸಂಜೆ ನೀವು ಡೇರಿಗೆ ಹಾಲು ಹಾಕಲು ಹೊರಟಾಗ ಮನೆಯವರೊಬ್ಬರು ಅದನ್ನು ಹಗ್ಗ ಹಿಡಿದು ಜೊತೆಗೆ ಕರೆತರಲಿ. ನಿಮ್ಮ ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ನಾಯಿ ಬೇಡ. ಡೇರಿ ಬಾಗಿಲಿನಿಂದ ದೂರವೇ ನಿಲ್ಲಲಿ. ಜನ, ಬೈಕು, ಬೇರೆ ನಾಯಿ ಎಲ್ಲಾ ಅಲ್ಲೇ ಪರಿಚಯವಾಗುತ್ತವೆ.

ಕೊಟ್ಟಿಗೆಯ ಪಾಠ ಹೀಗೆ. ಹಾಲು ಕರೆಯುವಾಗ ಮರಿಯನ್ನು ಹಗ್ಗದಲ್ಲಿ ಹಿಡಿದು ಹತ್ತು ಹೆಜ್ಜೆ ದೂರ ಕೂರಿಸಿ. ಸುಮ್ಮನೆ ಕೂತರೆ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಹಸುವಿನ ಕಡೆ ಎಳೆದರೆ ಬೈಯಬೇಡಿ, ಹೊಡೆಯಬೇಡಿ, ತಿರುಗಿ ಹೊರಟುಬಿಡಿ. ಎಳೆದರೆ ಹಸುವೂ ಸಿಗದು, ಮೊಟ್ಟೆಯೂ ಸಿಗದು ಎಂದು ಅದಕ್ಕೆ ತಿಳಿಯಬೇಕು. ಒಂದು ಸಲಕ್ಕೆ ಐದೇ ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ದಿನ ಕಳೆದಂತೆ ಒಂದೊಂದು ಹೆಜ್ಜೆ ಹತ್ತಿರ ಬನ್ನಿ. ಟೈಗರ್ ವಯಸ್ಸಿಗೆ ಬಂದ ನಾಯಿಯೂ ಕಲಿಯುತ್ತದೆ, ದಿನ ಹೆಚ್ಚು ಬೇಕು ಅಷ್ಟೇ.

'ಬಾ', 'ಕೂತ್ಕೋ', 'ಬಿಡು' ಈ ಮೂರು ಮಾತು ಮೊದಲು ಕಲಿಸಿ. ಮನೆಯವರೆಲ್ಲಾ ಒಂದೇ ಮಾತು ಬಳಸಬೇಕು. ನೀವು 'ಕೂತ್ಕೋ' ಅಂದು, ಮಗ 'ಸಿಟ್' ಅಂದರೆ ಮರಿ ಇಬ್ಬರ ಮುಖವನ್ನೂ ನೋಡುತ್ತಾ ನಿಲ್ಲುತ್ತದೆ. 'ಬಿಡು' ನಮಗೆ ಬಹಳ ಮುಖ್ಯ. ಹಸು ಕರು ಹಾಕಿದಾಗ ಬಿದ್ದ ಸತ್ತೆಯನ್ನು ನಾಯಿ ತಿಂದರೆ ನಿಯೋಸ್ಪೋರಾ ಎಂಬ ರೋಗಾಣು ಅದರ ಹೊಟ್ಟೆ ಸೇರಬಹುದು. ಆಮೇಲೆ ನಾಯಿಯ ಮಲ ಮೇವಿಗೆ ತಗುಲಿದರೆ ಗಬ್ಬದ ಹಸು ಕಂದು ಹಾಕಬಹುದು. ಸತ್ತೆಯನ್ನು ಆಳವಾಗಿ ಹೂಳಿ, ಮೇವಿನ ರಾಶಿಯ ಮೇಲೆ ನಾಯಿ ಮಲಗಲು ಬಿಡಬೇಡಿ.

ಚಿಕ್ಕ ಮಕ್ಕಳಿಗೂ ಪಾಠ ಬೇಕು. ನಾಯಿ ತಿನ್ನುವಾಗ, ಮಲಗಿರುವಾಗ ಮುಟ್ಟಕೂಡದು. ಎಷ್ಟೇ ಸಾಧು ನಾಯಿಯಾದರೂ ಪುಟ್ಟ ಮಗುವಿನೊಂದಿಗೆ ಒಂಟಿಯಾಗಿ ಬಿಡಬೇಡಿ. ಬೆಳೆದ ಗಂಡು 30ರಿಂದ 40 ಕಿಲೋ ತೂಗುತ್ತದೆ, ಆಟಕ್ಕೆ ಹಾರಿದರೂ ಮಗು ಬೀಳುತ್ತದೆ.

ಹಸುವಿನ ಔಷಧಿಗಳ ಬಗ್ಗೆ ಎರಡು ಮಾತು. ಉಣ್ಣೆಗೆಂದು ಹಸುವಿಗೆ ಹಾಕಿ ಉಳಿದ ಐವರ್ಮೆಕ್ಟಿನ್ ಅನ್ನು ನಾಯಿಗೆ ಕೊಡಬೇಡಿ. ಈ ತಳಿಯ ಕೆಲವು ನಾಯಿಗಳಿಗೆ ಅದು ಮೆದುಳಿಗೆ ಏರಿ ಪ್ರಾಣಕ್ಕೇ ಕುತ್ತು ತರುತ್ತದೆ. ಮೂಳೆ ಗಟ್ಟಿಯಾಗಲಿ ಎಂದು ಹಸುವಿನ ಕ್ಯಾಲ್ಸಿಯಂ ಬಾಟಲಿಯಿಂದ ಮರಿಗೆ ಕುಡಿಸುವವರಿದ್ದಾರೆ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಹೆಚ್ಚಾದರೆ ಮೂಳೆ ಸೊಟ್ಟಗಾಗುತ್ತದೆ.

ರೇಬೀಸ್ ಲಸಿಕೆ ಮೂರು ತಿಂಗಳಿಗೆ ಶುರು, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ. ಯಾವ ನಾಯಿ ಯಾರನ್ನು ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಹಸುವನ್ನು ಕಚ್ಚಿದ್ದರೆ ತಕ್ಷಣ ನಮಗೆ ತಿಳಿಸಿ, ಕಚ್ಚಿದ ಮೇಲೂ ಹಸುವಿಗೆ ಹಾಕುವ ಲಸಿಕೆ ಇದೆ. ಹಸು ನೋಡಲು ನಾವು ಬಂದಾಗ ನಾಯಿಯ ಲಸಿಕೆ ಕಾರ್ಡನ್ನೂ ತೆಗೆದಿಟ್ಟಿರಿ.