ಕೆಮಿಸ್ಟ್ರಿ ಕೈಕೊಟ್ಟಿತ್ತು, ಮನಸ್ಸು ವಾರ್ಡಿನಲ್ಲಿತ್ತು

ಬಿ.ಕಾಂ. ಅರ್ಧ ದಾರಿಗೆ ಬಂದ ಮೇಲೆ ‘ನಾನು ನರ್ಸಿಂಗ್ ಓದ್ತೀನಿ’ ಎನ್ನುವ ಮಕ್ಕಳಿದ್ದಾರೆ. ಅಜ್ಜಿ ಹಾಸಿಗೆ ಹಿಡಿದಾಗಲೋ, ಅಪ್ಪನಿಗೆ ಡಯಾಲಿಸಿಸ್ ಶುರುವಾದಾಗಲೋ ಆಸ್ಪತ್ರೆಯಲ್ಲಿ ರಾತ್ರಿ ಕಳೆದು, ಅಲ್ಲಿನ ಸಿಸ್ಟರ್‌ಗಳ ಕೆಲಸವನ್ನು ಕಣ್ಣಾರೆ ಕಂಡವರು. ಮನೆಯಲ್ಲಿ ಎದುರಾಗುವ ಮೊದಲ ಮಾತು: ‘ಸೈನ್ಸ್ ತಲೆಗೆ ಹತ್ತಲ್ಲ ಅಂತ ತಾನೇ ಕಾಮರ್ಸ್ ತಗೊಂಡಿದ್ದು? ಈಗ ಮತ್ತೆ ಅದೇ ಯಾಕೆ?’

ಈ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಹೆದರಿ ಆಸೆ ಬಿಡಬೇಕಾಗಿಯೂ ಇಲ್ಲ.

ನಮ್ಮಲ್ಲಿ ಬಿ.ಕಾಂ.ನಿಂದ ನರ್ಸಿಂಗ್‌ನ ಎರಡನೇ ವರ್ಷಕ್ಕೆ ನೇರ ಹೋಗಲಾಗದು, ಮೊದಲಿನಿಂದಲೇ ಶುರು ಮಾಡಬೇಕು. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್‌ಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಶೇ 45 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40. ಡಾಕ್ಟರಾಗಲು ಬೇಕಾದಂಥ ಅಂಕ ಇದಲ್ಲ. ಪಿಯುಸಿ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿರುವುದರಿಂದ, ಸ್ವಲ್ಪದರಲ್ಲಿ ತಪ್ಪಿದವರಿಗೆ ಅಂಕ ಹೆಚ್ಚಿಸಿಕೊಳ್ಳುವ ಅವಕಾಶವೂ ಉಂಟು. ಆರ್ಟ್ಸ್, ಕಾಮರ್ಸ್ ಓದಿದವರಿಗೆ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಇದೆ. ಅದನ್ನು ಮುಗಿಸಿ ನೋಂದಣಿ ಮಾಡಿಸಿಕೊಂಡರೆ, ಮತ್ತೆರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸಿನಲ್ಲಿ ಪದವಿಯೂ ಸಿಗುತ್ತದೆ.

ಬಾಗಿಲು ದಾಟಿದ ಮೇಲಿನದು ಬೇರೆ ಮಾತು. ನರ್ಸಿಂಗ್ ಎಂದರೆ ಸೇವಾಮನೋಭಾವ ಇದ್ದರೆ ಸಾಕು ಎಂದು ಹೇಳುವವರನ್ನು ದಯವಿಟ್ಟು ನಂಬಬೇಡಿ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೊದಲ ವರ್ಷದಲ್ಲೇ ಬರುತ್ತವೆ. ಅದರ ಬೆನ್ನಿಗೇ ಮೈಕ್ರೊಬಯಾಲಜಿ, ಫಾರ್ಮಕಾಲಜಿ, ಪೆಥಾಲಜಿ. ಬಿ.ಎಸ್‌ಸಿ.ಯಲ್ಲಿ ಇವುಗಳಲ್ಲಿ ಪಾಸಾಗಲು ಅರ್ಧದಷ್ಟು ಅಂಕ ಬೇಕು.

ಆದರೂ ಪಿಯುಸಿಯಲ್ಲಿ ಹಿಂದೆ ಬಿದ್ದವರು ಇಲ್ಲಿ ಚೇತರಿಸಿಕೊಳ್ಳುತ್ತಾರೆ, ಅದಕ್ಕೆ ಕಾರಣವೂ ಇದೆ. ಆಸ್ಮಾಸಿಸ್ ಎಂದು ಬಾಯಿಪಾಠ ಮಾಡಿ ಮರೆತದ್ದು ಇಲ್ಲಿ ಸಲೈನ್ ಬಾಟಲಿಯಾಗಿ ಎದುರಿಗೆ ನಿಲ್ಲುತ್ತದೆ. ಲೀಟರಿಗೆ 9 ಗ್ರಾಂ ಉಪ್ಪೇ ಏಕೆ, ಬರೀ ನೀರು ರಕ್ತನಾಳಕ್ಕೆ ಹೋದರೆ ರಕ್ತಕಣಗಳು ಏಕೆ ಒಡೆಯುತ್ತವೆ ಎಂಬುದು ಒಮ್ಮೆ ತಿಳಿದರೆ ಮತ್ತೆ ಮರೆಯುವಂಥದ್ದಲ್ಲ. ಪೊಟ್ಯಾಸಿಯಂ ಕೂಡ ಹಾಗೆಯೇ. ಪೀರಿಯಾಡಿಕ್ ಟೇಬಲ್‌ನ ಒಂದು ಮನೆಯಾಗಿದ್ದದ್ದು, ರಕ್ತದಲ್ಲಿ 3.5ರಿಂದ 5ರ ನಡುವೆ ಇರಲೇಬೇಕಾದ ಅಂಶವಾಗುತ್ತದೆ. ದುರ್ಬಲಗೊಳಿಸದೆ ನೇರ ಚುಚ್ಚಿದರೆ ಹೃದಯವನ್ನೇ ನಿಲ್ಲಿಸಬಲ್ಲ ವಸ್ತುವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ನಿಜವಾಗಿ ಎಚ್ಚರ ವಹಿಸಬೇಕಾದದ್ದು ಲೆಕ್ಕದಲ್ಲಿ. ಸಾವಿರ ಎಂ.ಎಲ್. ದ್ರವವನ್ನು ಎಂಟು ಗಂಟೆಯಲ್ಲಿ ಕೊಡಬೇಕು, ಎಂ.ಎಲ್.ಗೆ 20 ಹನಿ ಬೀಳುವ ಸೆಟ್. ನಿಮಿಷಕ್ಕೆ ಎಷ್ಟು ಹನಿ? ಸುಮಾರು 42. ಗುಣಾಕಾರ, ಭಾಗಾಕಾರ ಅಷ್ಟೇ, ಹೈಸ್ಕೂಲಿನದು. ಆದರೆ ರಾತ್ರಿ ಪಾಳಿಯಲ್ಲಿ, ಪಕ್ಕದ ಹಾಸಿಗೆಯವರು ಕೂಗುತ್ತಿರುವಾಗಲೂ ತಪ್ಪಬಾರದು. ಇನ್ಸುಲಿನ್ ಇನ್ನೂ ಕಟ್ಟುನಿಟ್ಟು. ನಮ್ಮಲ್ಲಿ ಎಂ.ಎಲ್.ಗೆ 40 ಯೂನಿಟ್‌ನದೂ ಇದೆ, 100 ಯೂನಿಟ್‌ನದೂ ಇದೆ. ಸಿರಿಂಜುಗಳೂ ಬೇರೆ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಹೋಗುವುದು ಎರಡೂವರೆ ಪಟ್ಟು. ಇದನ್ನು ಕಲಿಯಲು ರ‍್ಯಾಂಕ್ ವಿದ್ಯಾರ್ಥಿಯಾಗಿರಬೇಕಿಲ್ಲ. ಪ್ರತಿಸಲವೂ ಲೇಬಲ್ ಓದುವ, ಅನುಮಾನ ಬಂದರೆ ಸೀನಿಯರ್‌ಗಳನ್ನು ಕೇಳುವ ಹಟ ಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪುಸ್ತಕವೇ ಅನಾಟಮಿಗಿಂತ ದೊಡ್ಡ ಬೆಟ್ಟ. ಮೊದಲ ಕೆಲವು ತಿಂಗಳು ನಿಜಕ್ಕೂ ಕಷ್ಟ, ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಓದಬೇಕಾಗುತ್ತದೆ. ಆದರೆ ‘ಎದೆ ಹಿಂಡ್ತದೆ’, ‘ಕೈಕಾಲು ಜೋಮು ಹಿಡಿದದೆ’ ಎಂದು ಹಳ್ಳಿಯಿಂದ ಬಂದ ಅಜ್ಜಿ ಹೇಳಿದ್ದನ್ನು ತಕ್ಷಣ ಹಿಡಿದು ಡಾಕ್ಟರಿಗೆ ತಲುಪಿಸುವವರೂ ಇವರೇ.

ಕೋರ್ಸು ಬದಲಿಸುವ ಮುನ್ನ ಕಾಲೇಜನ್ನು ಸರಿಯಾಗಿ ನೋಡಿ. ಏಜೆಂಟರ ಮಾತು ಬೇಡ. ಬಿ.ಎಸ್‌ಸಿ.ಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ ಎಂದು ವಿಚಾರಿಸಿ; ಯಾವ ಕೋರ್ಸಾದರೂ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆಯನ್ನು ಖಚಿತಪಡಿಸಿಕೊಳ್ಳಿ. ಅಲ್ಲಿ ಮೂರನೇ ವರ್ಷ ಓದುತ್ತಿರುವವರನ್ನು ಕಾಲೇಜಿನ ಹೊರಗೆ ಭೇಟಿಯಾಗಿ, ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ನಿಜವಾಗಿ ರೋಗಿಗಳಿರುತ್ತಾರೆಯೇ, ಕಲಿಸುವವರು ಜೊತೆಗೆ ವಾರ್ಡಿಗೆ ಬರುತ್ತಾರೆಯೇ ಎಂದು ಕೇಳಿ. ಫೀಸಿನ ವಿಚಾರ ಆಮೇಲೆ ಮಾತಾಡಬಹುದು.