ಎಳೆಯ ಮಾಸಿಗೆ ಎಷ್ಟು ಆಮ್ಲಜನಕ ಬೇಕು?

ಬಸುರಿನ ಎಂಟನೇ ವಾರದ ಸುಮಾರಿಗೆ ಮಾಸಿನೊಳಗೆ ಆಮ್ಲಜನಕದ ಒತ್ತಡ ಸುಮಾರು 20 ಮಿ.ಮೀ. ಪಾದರಸದಷ್ಟೇ ಇರುತ್ತದೆ. ಅದೇ ಹೊತ್ತಿನಲ್ಲಿ ತಾಯಿಯ ಅಪಧಮನಿಗಳಲ್ಲಿ ಅದು 100ರ ಆಸುಪಾಸು. ಇದನ್ನು ಓದಿ ಯಾವ ಬಸುರಿಯೂ ಗಾಬರಿಯಾಗಬೇಕಿಲ್ಲ. ಆಕೆಯ ಉಸಿರಾಟದಲ್ಲಾಗಲಿ ಊಟದಲ್ಲಾಗಲಿ ಏನೂ ಕೊರತೆಯಾಗಿಲ್ಲ. ಮಾಸು ತನಗಾಗಿ ತಾನೇ ಮಾಡಿಕೊಂಡ ಏರ್ಪಾಡು ಇದು.

ಭ್ರೂಣದ ಹೊರಪದರದ ಟ್ರೋಫೊಬ್ಲಾಸ್ಟ್ ಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ಇಳಿಯುತ್ತವೆ. ಆ ಗೋಡೆಯಲ್ಲಿ ಸುರುಳಿ ಸುರುಳಿಯಾದ ಅಪಧಮನಿಗಳಿವೆ. ಮುಂದೆ ಹೋದ ಕೋಶಗಳು ಅವುಗಳ ಬಾಯಲ್ಲೇ ಒತ್ತಾಗಿ ಕೂತು ರಕ್ತವನ್ನು ತಡೆಯುತ್ತವೆ, ಗದ್ದೆ ಹದವಾಗುವವರೆಗೆ ಕೆರೆಯ ತೂಬು ಮುಚ್ಚಿಟ್ಟ ಹಾಗೆ. ಒಂದಿಷ್ಟು ದ್ರವ ಮಾತ್ರ ಒಳಗೆ ಜಿನುಗುತ್ತದೆ. ಈ ಅವಧಿಯಲ್ಲಿ ಭ್ರೂಣದ ಪೋಷಣೆಗೆ ಗರ್ಭಕೋಶದ ಗ್ರಂಥಿಗಳ ಸ್ರಾವವೇ ಮುಖ್ಯ ಆಧಾರ. ಆಮ್ಲಜನಕದಿಂದ ಹುಟ್ಟುವ ಹಾನಿಕಾರಕ ಅಣುಗಳನ್ನು ತಣಿಸುವ ಕಿಣ್ವಗಳು ಎಳೆಯ ಮಾಸಿನಲ್ಲಿ ಇನ್ನೂ ಕಡಿಮೆ. ರಕ್ತ ಬೇಗನೆ ನುಗ್ಗಿದರೆ ಅಂಗಾಂಶ ಕೆಡುತ್ತದೆ. ಗರ್ಭಪಾತವಾದ ಅನೇಕ ಪ್ರಕರಣಗಳಲ್ಲಿ ಈ ತಡೆ ತೆಳುವಾಗಿದ್ದುದು ಕಂಡುಬಂದಿದೆ.

ಆಮ್ಲಜನಕ ಕಡಿಮೆ ಎಂದು ಕೋಶಕ್ಕೆ ತಿಳಿಯುವುದು ಹಿಫ್-1 ಎಂಬ ಪ್ರೋಟೀನಿನ ಮೂಲಕ. ಆಮ್ಲಜನಕ ಸಾಕಷ್ಟಿದ್ದರೆ ಅದರ ಆಲ್ಫಾ ಭಾಗ ಕೂಡಲೇ ನಾಶವಾಗುತ್ತದೆ, ಇಲ್ಲದಿದ್ದರೆ ಉಳಿದುಕೊಂಡು ಹಲವು ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ಕೇಲಿನ್, ರಾಟ್‌ಕ್ಲಿಫ್ ಮತ್ತು ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಸಂದಿತು. ಮಾಸಿನ ಕೋಶಗಳ ಮೇಲೆ 1997ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗವೊಂದರಲ್ಲಿ, ಶೇ. 2ರಷ್ಟು ಆಮ್ಲಜನಕವಿದ್ದಾಗ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿದವು, ಆದರೆ ಒಳನುಗ್ಗುವ ಸ್ವಭಾವವನ್ನು ಸರಿಯಾಗಿ ಪಡೆಯಲಿಲ್ಲ, ಶೇ. 20ರಲ್ಲಿ ಪಡೆದವು. ಮೊದಲು ಪಡೆ ಬೆಳೆಸು, ಆಮೇಲೆ ಹೊರಡು ಎಂಬ ಕ್ರಮ ಇದರಿಂದ ಹೊಳೆಯಿತು. ಆದರೆ ಶೇ. 20 ಎನ್ನುವುದು ಪ್ರಯೋಗಾಲಯದ ಗಾಳಿ, ಗರ್ಭಕೋಶದಲ್ಲಿ ಎಂದೂ ಇರದ ಮಟ್ಟ. ಕಡಿಮೆ ಆಮ್ಲಜನಕದಲ್ಲೇ ಕೋಶಗಳು ಹೆಚ್ಚು ಆಳಕ್ಕೆ ಹೋದವೆಂದು ತೋರಿಸಿದ ಪ್ರಯೋಗಗಳೂ ಇವೆ, ಗಬ್ಬದ ಇಲಿಗಳಲ್ಲಿಯೂ ಹಾಗೆ ಕಂಡಿದೆ. ಯಾವ ಕೋಶ, ಎಷ್ಟು ಆಮ್ಲಜನಕ, ಎಷ್ಟು ದಿನ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆದ್ದರಿಂದ ಕಡಿಮೆ ಆಮ್ಲಜನಕ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ ಯಾವ ವಾರದಲ್ಲಿ ಎಂದು ಕೇಳುವುದೇ ಸರಿ ಎನ್ನುತ್ತೇನೆ.

ಹತ್ತರಿಂದ ಹನ್ನೆರಡನೇ ವಾರದ ಸುಮಾರಿಗೆ ತಡೆ ಸಡಿಲವಾಗಿ ಆಮ್ಲಜನಕದ ಒತ್ತಡ 50 ಮಿ.ಮೀ. ದಾಟುತ್ತದೆ. ಕೋಶಗಳು ಗರ್ಭಕೋಶದ ಸ್ನಾಯುವಿನ ಒಳ ಮೂರನೇ ಒಂದು ಭಾಗದವರೆಗೂ ತಲುಪಿ, ಅಪಧಮನಿಗಳ ಸ್ನಾಯುಪದರವನ್ನು ಕರಗಿಸಿ ಅವನ್ನು ಅಗಲವಾದ ಸಡಿಲ ನಾಳಗಳನ್ನಾಗಿ ಮಾಡುತ್ತವೆ. ಈ ಕೆಲಸ ಅರ್ಧಕ್ಕೇ ನಿಂತರೆ ರಕ್ತ ಕಿರಿದಾದ ಬಾಯಿಂದ ರಭಸವಾಗಿ, ಏರಿಳಿಯುತ್ತ ಬರುತ್ತದೆ. ಬಳಲಿದ ಮಾಸು ತಾಯಿಯ ರಕ್ತನಾಳಗಳನ್ನು ಕೆಡಿಸುವ ಪ್ರೋಟೀನುಗಳನ್ನು ಬಿಡುತ್ತದೆ. ಇಪ್ಪತ್ತು ವಾರದ ನಂತರ 140/90 ದಾಟುವ ಬಿ.ಪಿ.ಯೊಂದಿಗೆ ಕಾಣಿಸಿಕೊಳ್ಳುವ ಪ್ರಿಎಕ್ಲಾಂಪ್ಸಿಯಾಕ್ಕೆ, ಮಗು ಸಣ್ಣದಾಗಿ ಉಳಿಯುವುದಕ್ಕೆ ಇದು ಒಂದು ದೊಡ್ಡ ಕಾರಣ.

ಕಾಯಿಲೆ ಕಾಣುವುದು ತಡವಾಗಿ, ಬೀಜ ಬೀಳುವುದು ಮೊದಲ ತಿಂಗಳುಗಳಲ್ಲಿ. ಅದಕ್ಕೇ 11ರಿಂದ 14ನೇ ವಾರದ ಸ್ಕ್ಯಾನ್ ತಪ್ಪಿಸಬಾರದು. ಗರ್ಭಕೋಶದ ಅಪಧಮನಿಗಳ ಡಾಪ್ಲರ್ ಪರೀಕ್ಷೆಯನ್ನೂ ಆಗಲೇ ಮಾಡಬಹುದು. ಹಿಂದಿನ ಬಸುರಿನಲ್ಲಿ ಬಿ.ಪಿ. ಏರಿದ್ದವರು, ಮಧುಮೇಹ ಅಥವಾ ಕಿಡ್ನಿ ತೊಂದರೆ ಇರುವವರು ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಬೇಕು. ಅಪಾಯ ಹೆಚ್ಚಿದ್ದವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದಿದ್ದರೆ 16ನೇ ವಾರಕ್ಕೆ ಮುಂಚೆಯೇ ಶುರುಮಾಡುವುದು ಒಳ್ಳೆಯದು. ಅದನ್ನು ವೈದ್ಯರೇ ಹೇಳಬೇಕು, ತಾನಾಗಿ ನುಂಗುವಂಥದ್ದಲ್ಲ.